ಬಾಚಿ ನಿಂತ ಜಾಗ

ನಮ್ಮ ಕಡೆಯ ಯಾವ ಊರಿಗೆ ಹೋದರೂ ಬೇವಿನ ನೆರಳಲ್ಲಿ ಒಂದು ದಿಮ್ಮಿ ಬಿದ್ದಿರುತ್ತದೆ. ಕಲಬುರಗಿಯ ಮಗ್ಗುಲಿನ ಶರಣಸಿರಸಗಿಗೂ ಈ ಮಾತು ಸಲ್ಲುತ್ತದೆ. ಯಾರದೋ ಮನೆ ಕಟ್ಟುವಾಗ ಉಳಿದ ತೊಲೆಯೋ, ಗಾಳಿಗೆ ಉರುಳಿದ ಹುಣಸೆಯ ಬುಡವೋ. ಅದರ ಮೇಲೆ ಮೂರು ತಲೆಮಾರು ಕೂತು ಎದ್ದು, ಮೈ ಎಮ್ಮೆಯ ಬೆನ್ನಿನ ಹಾಗೆ ಮಿಂಚುತ್ತಿರುತ್ತದೆ. ಯಾರೂ ಅದನ್ನು ಪೀಠೋಪಕರಣ ಎನ್ನುವುದಿಲ್ಲ. ಅಂಥದ್ದೇ ದಿಮ್ಮಿಯನ್ನು ಸೀಳಿ, ನಾಲ್ಕು ಕಾಲು ಹಚ್ಚಿ, ಗಾಜಿನಂಥ ಪಾಲಿಶ್ ಎಳೆದು ಬೆಂಗಳೂರಿನ ಅಂಗಡಿಯಲ್ಲಿ ದೀಪದ ಕೆಳಗಿಟ್ಟರೆ ‘ರಸ್ಟಿಕ್’ ಎಂಬ ಹೆಸರು ಬರುತ್ತದೆ, ಬೆಲೆಯ ಬಾಲಕ್ಕೆ ಸೊನ್ನೆಗಳು ಬೆಳೆಯುತ್ತವೆ.

ಇಂಥ ಕೆಲಸದ ಮುಂದೆ ನಿಂತಾಗ ಏನು ನೋಡಬೇಕು? ಅದಕ್ಕೆ ಕಲಾಶಾಲೆಯ ಪಾಠ ಬೇಕಿಲ್ಲ. ಎತ್ತಿನ ಬಂಡಿ ಕೊಳ್ಳುವ ಮೊದಲು ಅದರ ಸುತ್ತ ನಾಲ್ಕು ಸುತ್ತು ಹಾಕುವ ರೈತನ ಕಣ್ಣು ಸಾಕು. ದೊಡ್ಡ ಕಟ್ಟಿಗೆಯ ಯಾವ ಕೆಲಸವನ್ನು ಕಂಡರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬಾಚಿ ಎಲ್ಲಿ ನಿಂತಿತು, ಯಾಕೆ ಅಲ್ಲಿ ನಿಂತಿತು?

ಬಾಚಿ ಗೊತ್ತಲ್ಲ? ಕೊಡಲಿಯ ತಮ್ಮ. ಕೊಡಲಿಯ ಬಾಯಿ ಹಿಡಿಯ ಗುಂಟ ಇರುತ್ತದೆ, ಬಾಚಿಯ ಬಾಯಿ ಅಡ್ಡ. ಕೊಡಲಿ ಕಡಿಯುತ್ತದೆ, ಬಾಚಿ ಚಕ್ಕೆ ಎಬ್ಬಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರ ಹೆಸರೇ ಬಾಚಿಕಾಯಕದ ಬಸವಪ್ಪ. ಮಂದಿ ಅವರನ್ನು ಉಪಕರಣದ ಹೆಸರಿನಿಂದಲೇ ಗುರುತಿಸಿದರು. ಮೋಳಿಗೆಯ ಮಾರಯ್ಯನವರೂ ಕಟ್ಟಿಗೆಯವರೇ, ಆದರೆ ಅವರದು ಸೌದೆ ಹೊರೆಯ ಕಾಯಕ. ಒಲೆಗೆ ಹೋಗುವ ಕಟ್ಟಿಗೆ ಯಾವುದು, ಮನೆಗೆ ಹೋಗುವ ಕಟ್ಟಿಗೆ ಯಾವುದು ಎಂಬ ವಿವೇಕದಿಂದಲೇ ಈ ಕಲೆ ಶುರುವಾಗುವುದರಿಂದ ಇಬ್ಬರನ್ನೂ ಒಟ್ಟಿಗೆ ನೆನೆಯುವುದು ನನಗಿಷ್ಟ.

ಮೊದಲ ಪಾಠಕ್ಕೆ ಹಳೆಯ ನೇಗಿಲೊಂದನ್ನು ಹುಡುಕಿ. ಟ್ರ್ಯಾಕ್ಟರ್ ಬಂದ ಮೇಲೆ ಅದು ದನದ ಕೊಟ್ಟಿಗೆಯ ಅಟ್ಟ ಸೇರಿರುತ್ತದೆ. ಕೆಳಗಿಳಿಸಿ, ಧೂಳು ಒರೆಸಿ, ಬಾಗಿದ ಜಾಗದಲ್ಲಿ ಬೆರಳಾಡಿಸಿ. ನಾರು ಎಲ್ಲಿಯೂ ತುಂಡಾಗದೆ ಬಾಗಿನ ಜೊತೆಗೇ ತಿರುಗಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಮಕ್ಕಳಿಗೆ ಗದರುವುದುಂಟು. ಬಡಿಗ ಆ ಗಾದೆಯನ್ನು ತಲೆಕೆಳಗು ಮಾಡಿಕೊಂಡವನು, ಗಿಡವಾಗಿದ್ದಾಗಲೇ ಬಗ್ಗಿದ್ದನ್ನು ಹುಡುಕಿಕೊಂಡು ಹೊಲದ ಬದುವಿನ ಜಾಲಿಗಳ ನಡುವೆ ಅಲೆಯುತ್ತಾನೆ. ನೆಟ್ಟಗಿನ ಹಲಗೆಯಲ್ಲಿ ಬಾಗು ಕೊರೆದರೆ ನಾರು ಅಡ್ಡಡ್ಡ ಕಡಿದುಹೋಗಿ, ಮೊದಲ ಕಲ್ಲಿಗೆ ತಾಕಿದಾಗಲೇ ಮುರಿಯುತ್ತದೆ. ಕುರ್ಚಿಯ ಬಾಗಿದ ಕೈ, ಬೆಂಚಿನ ಕಮಾನುಗಾಲು, ಮರದ ಕುದುರೆಯ ಕುತ್ತಿಗೆ, ಯಾವುದನ್ನೇ ನೋಡುವಾಗಲೂ ಇದನ್ನು ನೆನಪಿಟ್ಟುಕೊಳ್ಳಿ. ಗೆರೆಗಳು ಬಾಗಿನ ಜೊತೆ ಹರಿದಿದ್ದರೆ ಮಾಡಿದವನು ಮರವನ್ನು ಆರಿಸಿದ್ದಾನೆ. ಗೆರೆಗಳು ಅಂಚಿಗೆ ಬಂದು ಕತ್ತರಿಸಿ ನಿಂತಿದ್ದರೆ ಆರಿಸಿದ್ದು ಯಂತ್ರವನ್ನು.

ಎರಡನೆಯ ಪಾಠ ಬಂಡಿಯ ಗಾಲಿ. ಎಳ್ಳಮಾಸಿಯ ದಿನ ಸಜ್ಜಿ ಕಡುಬು, ಬಜ್ಜಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೊರಟ ಬಂಡಿ ಇನ್ನೂ ಕಣ್ಣಿಗೆ ಬಿದ್ದರೆ, ನಿಲ್ಲಿಸಿ ನೋಡಿ. ನಡುವಿನ ಗುಂಬಕ್ಕೆ ಗಟ್ಟಿ ಜಾಲಿ, ಅದರೊಳಗೆ ಬಡಿದ ಅರಗಳು, ಸುತ್ತ ಬಾಗು ತುಂಡುಗಳು. ಕುಳ್ಳಿನ ಬೆಂಕಿಯಲ್ಲಿ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಗಾಲಿಯ ಮೇಲಿಟ್ಟು ನೀರು ಸುರಿದರೆ, ಹಳಿ ಕುಗ್ಗಿ ಇಡೀ ಗಾಲಿಯನ್ನು ಒಳಕ್ಕೆ ಹಿಂಡುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ಸಂದುಗಳು ಟಕಟಕ ಎಂದು ಕೂಡಿಕೊಳ್ಳುವ ಸದ್ದನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ, ಹೊಗೆಯ ವಾಸನೆಯ ಸಮೇತ ಅದು ಇನ್ನೂ ಕಿವಿಯಲ್ಲಿದೆ. ಒಳ್ಳೆಯ ಒರಟು ಪೀಠೋಪಕರಣದಲ್ಲೂ ಇದೇ ಬಿಗಿ ಇರುತ್ತದೆ. ಒಂದು ಕಟ್ಟಿಗೆಯ ಮೂಗು ಇನ್ನೊಂದರ ತೂತಿನಲ್ಲಿ ಇಳಿದು ಆಚೆ ಕಡೆ ಇಣುಕುತ್ತದೆ, ಅದರ ನೆತ್ತಿಗೆ ಬೆಣೆ. ಬೆಂಚನ್ನು ಮಗುಚಿ ಅಡಿ ನೋಡಲು ನಾಚಬೇಡಿ. ಮೇಲೆ ಹಳ್ಳಿ ವೇಷ, ಅಡಿಯಲ್ಲಿ ಉಕ್ಕಿನ ಪಟ್ಟಿ ಮತ್ತು ಹತ್ತಾರು ಸ್ಕ್ರೂ ಇದ್ದರೆ ಅದು ನಾಟಕದ ಪಾತ್ರಧಾರಿ.

ಈಗ ಬಿರುಕಿನ ವಿಚಾರ. ಹೊಸಬರು ಎಡವುವುದೇ ಇಲ್ಲಿ, ನಾನೂ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಕಡೆಯ ಒಂದು ಅಂಗಡಿಯಿಂದ ಮಳೆಮರದ ದಪ್ಪ ಹಲಗೆಯ ಮೇಜು ತಂದೆ. ಜನವರಿಯಲ್ಲಿ ಮನೆಗೆ ಬಂತು. ಏಪ್ರಿಲ್‌ನ ಒಂದು ಮಧ್ಯಾಹ್ನ ಪಟಾಕಿ ಸಿಡಿದಂಥ ಸದ್ದಾಗಿ ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಮೇಜನ್ನು ಬೈದೆ, ಅಂಗಡಿಯವನನ್ನು ಬೈದೆ. ಬೈಯಬೇಕಾಗಿದ್ದದ್ದು ನನ್ನ ಅವಸರವನ್ನು. ಕಡಲ ತೇವದಲ್ಲಿ ಕುಡಿದ ನೀರನ್ನು ಕಟ್ಟಿಗೆ ಕಲಬುರಗಿಯ ನಲವತ್ತು ದಾಟಿದ ಬಿಸಿಲಿನಲ್ಲಿ ಕಕ್ಕಲೇಬೇಕು.

ಇದರ ಹಿಂದಿನ ಲೆಕ್ಕ ಸರಳ. ಕಟ್ಟಿಗೆ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲು ಕುಗ್ಗಿದರೆ, ಉಂಗುರಗಳ ಗುಂಟ ಹೆಚ್ಚುಕಡಿಮೆ ಎರಡು ಪಾಲು ಕುಗ್ಗುತ್ತದೆ. ಹೀಗಾಗಿ ತಿರುಳನ್ನು ಒಳಗಿಟ್ಟುಕೊಂಡ ಇಡೀ ದಿಮ್ಮಿ ಸೂರ್ಯನ ಕಿರಣದಂತೆ ಸೀಳುವುದು ಅದರ ಧರ್ಮ. ದಪ್ಪ ಒಂದು ಇಂಚಿಗೆ ಒಂದು ವರ್ಷ ನೆರಳಲ್ಲಿ ಒಣಗಿಸಬೇಕು ಎಂಬುದು ಮರಗೆಲಸದವರು ಎಲ್ಲೆಡೆ ಪಾಲಿಸುವ ಅಂದಾಜು. ನಾಲ್ಕು ಇಂಚಿನ ಹಲಗೆಗೆ ನಾಲ್ಕು ಮಳೆಗಾಲ. ತುದಿಗಳಿಂದ ನೀರು ಬೇಗ ಓಡುವುದರಿಂದ ಹಳಬರು ಅಲ್ಲಿಗೆ ಸಗಣಿ ಮೆತ್ತುತ್ತಿದ್ದರು. ಜಾಲಿಯ ತುಂಡುಗಳನ್ನು ಬಾವಿಯಲ್ಲೋ ಹಳ್ಳದಲ್ಲೋ ತಿಂಗಳುಗಟ್ಟಲೆ ಮುಳುಗಿಸಿಡುವ ರೂಢಿಯೂ ಇತ್ತು. ಒಳಗಿನ ಸಿಹಿ ರಸ ಕರಗಿಹೋದರೆ ಹುಳಕ್ಕೆ ಊಟವಿಲ್ಲ.

ಹಾಗಾದರೆ ಬಿರುಕು ಇದ್ದರೆ ಕೆಟ್ಟ ಕೆಲಸವೇ? ಅಲ್ಲ. ಬಿರುಕಿನ ಅಂಚಿಗೆ ಉಗುರು ತಾಗಿಸಿ. ಅಂಚು ಮೊಂಡಾಗಿ, ಬಣ್ಣ ಮಾಗಿ, ಒಳಗೆ ಹಳೆಯ ಧೂಳು ಕೂತಿದ್ದರೆ ಅದು ಸೀಳಿ ಮುಗಿದ ಸೀಳು, ಇನ್ನು ಅದರ ಪಾಡಿಗೆ ಅದು ಇರುತ್ತದೆ. ಅಂಚು ಚೂಪಾಗಿ, ಒಳಗೆ ಹಸಿ ಬಿಳುಪು ಕಂಡರೆ ನಿಮ್ಮ ಮನೆಯಲ್ಲಿ ಇನ್ನೂ ಸದ್ದಾಗಲಿದೆ. ಜಾರ್ಜ್ ನಕಾಶಿಮಾ ಎಂಬ ಜಪಾನಿ ಮೂಲದ ಅಮೆರಿಕನ್ ಬಡಿಗ ಬಿರುಕನ್ನು ಮುಚ್ಚದೆ, ಅದರ ಮೇಲೆ ಡಮರುವಿನ ಆಕಾರದ ಬೆಣೆಗಳನ್ನು ಅಡ್ಡಲಾಗಿ ಕೂರಿಸಿ, ಹೊಲಿಗೆ ಹಾಕಿದ ಹಾಗೆ ಹಿಡಿದು ನಿಲ್ಲಿಸಿದ. ಮರದ ಹೊರ ಅಂಚನ್ನು ಇದ್ದಂತೆಯೇ ಬಿಟ್ಟ ಅವನ ಮೇಜುಗಳ ಮಕ್ಕಳು ಮೊಮ್ಮಕ್ಕಳೇ ಈಗಿನ ಅಂಗಡಿಗಳಲ್ಲಿ ಕಾಣುವ ‘ಲೈವ್ ಎಡ್ಜ್’ ಸಾಮಾನುಗಳು. ಈತನಿಗೂ ನಮ್ಮ ನೆಲದ ಋಣವಿದೆ. 1930ರ ದಶಕದಲ್ಲಿ ಪಾಂಡಿಚೇರಿಯ ಅರವಿಂದ ಆಶ್ರಮದ ಗೋಲ್ಕೊಂಡ ವಸತಿಗೃಹ ಕಟ್ಟುವಾಗ ಅಲ್ಲಿ ದುಡಿದ, ಸುಂದರಾನಂದ ಎಂಬ ಹೆಸರು ಪಡೆದ. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಪೀಠೋಪಕರಣ ರೂಪಿಸಿದ. ಬಿರುಕಿಗೆ ನೀಲಿ ರಾಳ ಸುರಿದು ನದಿ ಮಾಡುವ ಈಚಿನ ಚಟಕ್ಕೂ ಅವನಿಗೂ ಸಂಬಂಧವಿಲ್ಲ. ಬಿಸಿಲೂರಿನಲ್ಲಿ ಪ್ಲಾಸ್ಟಿಕ್ಕಿನ ಹೊಳೆ ಹರಿಸಿಕೊಳ್ಳುವವರ ಬಗ್ಗೆ ನನಗೆ ಸ್ವಲ್ಪ ಅಸಹನೆಯೇ ಇದೆ, ಕ್ಷಮಿಸಿ.

ದೊಡ್ಡ ಕಟ್ಟಿಗೆಯನ್ನು ಮನೆಯ ಒಳಗೇ ನೋಡಬೇಕಾದರೆ ಕಲಬುರಗಿಯ ಹಳೆಯ ಓಣಿಗಳಲ್ಲಿ ಉಳಿದಿರುವ ಮಾಳಿಗೆ ಮನೆಗಳಿಗೆ ಹೋಗಿ. ಕಲ್ಲಿನ ಗೋಡೆ, ಮಣ್ಣಿನ ಮೇಲ್ಮುದ್ದಿ. ಆ ಮಣ್ಣಿನ ಭಾರವೆಲ್ಲ ಜಂತಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ ಇಳಿಯುತ್ತದೆ. ಬೋದಿಗೆಯನ್ನು ಗಮನಿಸಿ. ಕಂಬ ಎರಡೂ ಕೈ ಚಾಚಿ ತೊಲೆಯನ್ನು ಎತ್ತಿ ಹಿಡಿದ ಹಾಗಿರುತ್ತದೆ. ಕೆತ್ತನೆ ಇರುವುದು ಆ ಕೈಗಳ ತುದಿಯಲ್ಲಿ, ಭಾರ ಬೀಳದ ಜಾಗದಲ್ಲಿ. ಭಾರ ಹೊರುವ ನಡುಭಾಗವನ್ನು ಉಳಿ ಮುಟ್ಟಿರುವುದಿಲ್ಲ. ಜಂತಿಗಳ ಮೇಲಂತೂ ಬಾಚಿಯ ಹೊಡೆತದ ಗುರುತು ಮೀನಿನ ಹುರುಪೆಯ ಹಾಗೆ ಉಳಿದಿರುತ್ತದೆ. ಯಾರೂ ತಲೆಯೆತ್ತಿ ನೋಡದ ಕಡೆ ಯಾಕೆ ನುಣುಪು? ಹೊಸ್ತಿಲಿಗೆ ಬಂದರೆ ಕೆತ್ತನೆಯ ಕೆಲಸವನ್ನು ಪಾದಗಳೇ ಮಾಡಿರುತ್ತವೆ, ನಡುವೆ ತಗ್ಗು, ಎರಡು ಬದಿ ಏರು. ಇಂಥ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಬಿದ್ದ ಮನೆಯ ಸಾಗವಾನಿ ತೊಲೆಗಳು ಹಳೆ ಕಟ್ಟಿಗೆಯ ಅಡ್ಡೆಗಳಿಗೆ ಬಂದು, ಅಲ್ಲಿಂದ ಮೇಜು, ಮಂಚಗಳಾಗುತ್ತವೆ. ಒಣಗಿ ಮುಗಿದ ಮರ, ಇನ್ನು ಸೀಳುವ ಭಯವಿಲ್ಲ. ಅಂಥ ಮೇಜಿನ ಮೇಲೆ ಹಳೆಯ ಗೂಟದ ತೂತೊಂದು ಕಂಡರೆ ಅದನ್ನು ದೋಷವೆಂದು ಚೌಕಾಸಿ ಮಾಡಬೇಡಿ. ಅದಕ್ಕೇ ಎರಡು ರೂಪಾಯಿ ಹೆಚ್ಚು ಕೊಡಬಹುದು.

ಪೀಠೋಪಕರಣ ಎಲ್ಲಿ ಮುಗಿದು ಶಿಲ್ಪ ಎಲ್ಲಿ ಶುರುವಾಗುತ್ತದೆ ಎಂದು ಕೇಳುವವರಿಗೆ ನಾನು ಎಣ್ಣೆ ಗಾಣ ತೋರಿಸುತ್ತೇನೆ. ಕುಸುಬೆಯ ನಾಡು ಇದು. ಒಂದೇ ಮರದ ಬುಡವನ್ನು ತೋಡಿದ ಒರಳು, ಅದರೊಳಗೆ ಓರೆಯಾಗಿ ತಿರುಗುವ ಕಂಬ. ಬಾಯಿ ಅಗಲ, ಸೊಂಟ ಸಣ್ಣ, ಅಡಿ ಭಾರ. ಎಣ್ಣೆ ಕುಡಿದು ಕುಡಿದು ಕಪ್ಪಾದ ಆ ಆಕಾರವನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಯಾವ ಗ್ಯಾಲರಿಯೂ ಬೇಡವೆನ್ನದು. ರೊಮೇನಿಯಾದ ಹಳ್ಳಿಯಿಂದ ಪ್ಯಾರಿಸಿಗೆ ಹೋದ ಶಿಲ್ಪಿ ಬ್ರಾಂಕುಸಿ ತನ್ನ ಕೋಣೆಯ ಆಸನಗಳನ್ನೂ ಶಿಲ್ಪದ ಪೀಠಗಳನ್ನೂ ಹಳೆಯ ಓಕ್ ತೊಲೆಗಳಲ್ಲಿ ಕೆತ್ತಿದ. ಯಾವುದರ ಮೇಲೆ ಕೂರಬೇಕು, ಯಾವುದಕ್ಕೆ ಕೈಮುಗಿಯಬೇಕು ಎಂದು ನೋಡುವವರಿಗೆ ಇವತ್ತಿಗೂ ಗೊಂದಲ.

ಕೈಮುಗಿಯುವ ಮಾತು ಬಂತು. ನಮ್ಮಲ್ಲಿ ಕಟ್ಟಿಗೆಯ ದೊಡ್ಡ ಮೂರ್ತಿ ಎಂದರೆ ದ್ಯಾಮವ್ವ, ದುರಗವ್ವ. ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಹೆಸರಾದಷ್ಟೇ ಈ ದೇವಿಯರಿಗೂ ಹೆಸರಾದವರು. ಶಿರಸಿಯ ಮಾರಿಕಾಂಬೆ ಏಳು ಅಡಿಯ ಮರದ ಮೂರ್ತಿ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಕೆಂಪು ಬಣ್ಣದ ಭೂತಗಳು ಆಳೆತ್ತರ ಮೀರಿದವು, ಅಲ್ಲಿಯ ಹಳೆಯ ಕೆಲವನ್ನು ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿ ಕಾಣಬಹುದು. ಇವುಗಳ ಮುಂದೆ ನಿಂತು ಬಣ್ಣವನ್ನು ಮರೆತು, ಮರದ ಬೊಡ್ಡೆಯನ್ನು ಕಲ್ಪಿಸಿಕೊಳ್ಳಿ. ಮುಂಡ ನೆಟ್ಟಗೆ ಕಂಬದಂತೆ ಯಾಕಿದೆ, ಚಾಚಿದ ಕೈ ಯಾಕೆ ಬೇರೆ ತುಂಡಿನದು ಎಂಬುದಕ್ಕೆಲ್ಲ ಮರದ ಅಡ್ಡಳತೆಯೇ ಉತ್ತರ ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಒಮ್ಮೆ ನೋಡಿ ಬನ್ನಿ. ಕಮಲಾಪುರ ದಾಟುವಾಗ ಕೆಂಬಾಳೆ ಕೊಂಡು, ಹುಮನಾಬಾದ್ ಮೇಲೆ ಬೀದರಿಗೆ ಹೋದರೆ ಕೋಟೆಯೊಳಗೆ ರಂಗೀನ ಮಹಲ್ ಇದೆ. ಹದಿನಾರನೆಯ ಶತಮಾನದ ಅಲಿ ಬರೀದನ ಕಾಲದ್ದು. ಅದರ ಮರದ ಕಂಬಗಳ ಮೇಲೆ ಉಳಿ ಮುಟ್ಟದ ಜಾಗವೇ ಇಲ್ಲ. ಅದ್ಭುತವೇ ಸರಿ, ಆದರೆ ಮರ ಅಲ್ಲಿ ದಂತದಂತೆ, ಬಟ್ಟೆಯಂತೆ ಕಾಣುತ್ತದೆ, ಮರದಂತೆ ಕಾಣುವುದಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿಗಳಲ್ಲಿ ಇನ್ನೊಂದು ಬಗೆಯ ಸೋಜಿಗ. ಭೀಮೆಯ ದಂಡೆಯ ಆ ಬೌದ್ಧ ಸ್ತೂಪಗಳು ಸುಣ್ಣಕಲ್ಲಿನವು. ಆದರೆ ಸ್ತೂಪಗಳ ಸುತ್ತ ಕಲ್ಲಿನ ಕಟಾಂಜನ ಕಟ್ಟುವ ಪದ್ಧತಿಯೇ ಬಡಿಗರದು, ಅಡ್ಡಪಟ್ಟಿಯ ಮೂಗನ್ನು ಕಂಬದ ತೂತಿಗೆ ಇಳಿಸುವುದು. ಮರ ಮಣ್ಣಾಗಿ ಎರಡು ಸಾವಿರ ವರ್ಷವಾದ ಮೇಲೂ ಅದರ ಜಾಣತನ ಕಲ್ಲಿನಲ್ಲಿ ಉಳಿದಿದೆ.

ಕಲಬುರಗಿಯಲ್ಲೇ ಇದ್ದು ನೋಡುವುದಾದರೆ ಹೋಳಿ ಹುಣ್ಣಿಮೆಯಾದ ಐದನೆಯ ದಿನ ಶರಣಬಸವೇಶ್ವರರ ತೇರು. 1822ರಲ್ಲಿ ಲಿಂಗೈಕ್ಯರಾದ ಆ ದಾಸೋಹಿಯ ಜಾತ್ರೆಯಲ್ಲಿ ಮಂದಿಯ ಕಣ್ಣು ಕಳಸದ ಕಡೆ, ಕೈ ಉತ್ತತ್ತಿ ಬಾಳೆಹಣ್ಣು ಎಸೆಯುವುದರ ಕಡೆ. ನೀವು ಜಾತ್ರೆ ಮುಗಿದ ವಾರ ಹೋಗಿ. ನಿಂತ ತೇರಿನ ಗಾಲಿಯ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು ಅಡಿಯಿಂದ ನೋಡಿ. ಅಚ್ಚಿನ ಮರ ಎಷ್ಟು ದಪ್ಪ, ತುಂಡುಗಳು ಒಂದರ ಮೇಲೊಂದು ಹೇಗೆ ಅಡ್ಡಡ್ಡ ಕೂತಿವೆ, ಸನ್ನೆ ಕೊಟ್ಟ ಜಾಗದಲ್ಲಿ ನಾರು ಹೇಗೆ ಜಜ್ಜಿದೆ ಎಂಬುದೆಲ್ಲ ಕಳಸದ ಕಡೆ ನೋಡಿದವರಿಗೆ ಕಾಣದು.

ಕೊನೆಗೆ ಮೂಗು ಮತ್ತು ಅಂಗೈ. ಸಾಗವಾನಿಗೆ ಹಳೆಯ ಚರ್ಮದ ವಾಸನೆ, ಕೈಗೆ ತುಸು ಜಿಡ್ಡು. ಬೇವಿನ ಚೇಗು ಕೆಂಪು, ಹೊಸದಾಗಿ ಕೀಸಿದರೆ ಮೂಗಿಗೇ ಕಹಿ. ಹುಣಸೆಯ ಒಡಲಲ್ಲಿ ನೇರಳೆ ಕಪ್ಪು, ಉಳಿಯ ಬಾಯಿ ಮುರಿಯುವಷ್ಟು ಗಟ್ಟಿ. ದಪ್ಪ ಪಾಲಿಶ್ ಬಳಿದರೆ ಇವೆಲ್ಲ ಸತ್ತಂತೆಯೇ. ಅದರ ಬದಲು ನಮ್ಮ ಅಗಸೆ ಎಣ್ಣೆ ಸಾಕು. ಗಾಳಿ ತಾಗಿದರೆ ಒಣಗಿ ಗಟ್ಟಿಯಾಗುವ ಗುಣ ಅದಕ್ಕಿದೆ, ಕುಸುಬೆಗೂ ನಿಧಾನವಾಗಿ ಆ ಗುಣವುಂಟು. ತೆಂಗಿನೆಣ್ಣೆ ಹಚ್ಚಿದರೆ ವರ್ಷವಾದರೂ ಅಂಟಂಟು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಂಡೀತು. ಬಿಡಿಸಿ ಹಗ್ಗದ ಮೇಲೆ ಹರವಿ.

ನನ್ನ ಸೀಳಿದ ಮೇಜು ಈಗಲೂ ಮನೆಯಲ್ಲಿದೆ. ಬಡಿಗರನ್ನು ಕರೆದು ಜಾಲಿಯ ಮೂರು ಡಮರು ಬೆಣೆ ಕೂರಿಸಿಕೊಂಡೆ. ಎರಡು ಬೇಸಿಗೆ ಕಳೆದವು, ಸದ್ದಿಲ್ಲ. ಆದರೂ ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ನಿದ್ದೆಯಲ್ಲಿ ಒಂದು ಕಿವಿ ಆ ಕಡೆಗೇ ಇರುತ್ತದೆ.