ಹಳೇ ಅಂಬಾಸಿಡರ್, 'ಒರಿಜಿನಲ್' ರಬ್ಬರ್

ಹಳೇ ಅಂಬಾಸಿಡರ್ ಸಾಕುವವರು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಮೊದಲು ಕೇಳುವುದು "ಒರಿಜಿನಲ್ ಇದೆಯಾ?" ಎಂದು. ಕಂಪನಿಯ ಮುದ್ರೆಯಿರುವ ಹಳೇ ಡಬ್ಬಿ ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳುತ್ತಾರೆ. ಈ ಶ್ರದ್ಧೆ ನನಗೂ ಪ್ರಿಯವಾದದ್ದೇ. ಆದರೆ ಒಳಗಿರುವುದೇನೆಂದು ನೋಡದೆ ಡಬ್ಬಿಗೇ ದುಡ್ಡು ಸುರಿಯುವ ಪದ್ಧತಿ ಕಾರಿಗೂ ಕೇಡು, ಓಡಿಸುವವರಿಗೂ ಅಪಾಯ.

ಲೋಹದ ಸಾಮಾನಿನ ವಿಷಯದಲ್ಲಿ ಹಟ ಹಿಡಿಯಲೇಬೇಕು. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ದೀರ್ಘಕಾಲ ಬಂದ ಈ ಕಾರಿನ ಹೊರರೂಪ ಒಂದೇ ಎನಿಸಿದರೂ ಮಾರ್ಕ್‌ನಿಂದ ಮಾರ್ಕ್‌ಗೆ ಗ್ರಿಲ್, ಡ್ಯಾಶ್‌ಬೋರ್ಡ್ ಬದಲಾಗುತ್ತಾ ಹೋದವು. ಮಾರ್ಕ್ 2ರ ಚೌಕುಳಿ ಗ್ರಿಲ್ ಕಿತ್ತು ಆಮೇಲಿನ ಮಾಡೆಲಿನದನ್ನು ಕೂರಿಸಿದರೆ ಅದರ ಕಾಲವೇ ಅಳಿಸಿಹೋಗುತ್ತದೆ. ಗುಜರಿಯಲ್ಲಿ ಸಿಕ್ಕ ತುಕ್ಕು ಹಿಡಿದ ಗ್ರಿಲ್ಲನ್ನೇ ತಂದು ಕ್ರೋಮ್ ಮಾಡಿಸುವುದು ಮೇಲು. ಬೋಲ್ಟ್‌ಗಳ ಮಾತೂ ಅಷ್ಟೇ: ಹಳೇ ಎಂಜಿನ್ನಿನದು ಇಂಚಿನ ಥ್ರೆಡ್, ಅದಕ್ಕೆ ಎಂ.ಎಂ. ಬೋಲ್ಟ್ ತಿರುಚಿದರೆ ಥ್ರೆಡ್ ಸವೆದು ಅಲ್ಲಿಂದಲೇ ಸೋರಲು ಶುರು. 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಕೊಡುವ 2021ರ ಕೇಂದ್ರ ನಿಯಮವೂ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಎನ್ನುತ್ತದೆ.

ರಬ್ಬರಿಗೆ ಈ ನ್ಯಾಯ ಸಲ್ಲದು. ಡಬ್ಬಿ ಒಡೆಯದೆ ಮೂವತ್ತು ವರ್ಷ ಕಪಾಟಿನಲ್ಲಿಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ, ಬಿರುಸಾಗುತ್ತದೆ, ಬಾಗಿಸಿದರೆ ಬಿರುಕು ಬಿಡುತ್ತದೆ. ಅಂಥ 'ಒರಿಜಿನಲ್' ಕಪ್ಪುಗಳನ್ನು ಬ್ರೇಕಿನ ವ್ಹೀಲ್ ಸಿಲಿಂಡರಿಗೆ ಹಾಕಿಸುವುದನ್ನು ನಾನು ಎಳ್ಳಷ್ಟೂ ಒಪ್ಪಲಾರೆ. ಬ್ರೇಕ್ ಕಿಟ್, ಹೋಸ್ ಪೈಪು, ಆಯಿಲ್ ಸೀಲು ಹೊಸದಾಗಿ ತಯಾರಾದವೇ ಆಗಿರಬೇಕು. ಯಾರ ಮುದ್ರೆ ಎನ್ನುವುದಕ್ಕಿಂತ ಯಾವ ವರ್ಷದ್ದು ಎಂದು ಕೇಳಿ.

ಇನ್ನು ಎಣ್ಣೆ ಸೋರಿಕೆ. ಅತಿ ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್ ಕುಟುಂಬದ್ದು, ಮೂರು ಮೇನ್ ಬೇರಿಂಗಿನದು. ಅದರ ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲೇ ಇಲ್ಲ. ಶಾಫ್ಟಿನ ಮೇಲೆ ಸುರುಳಿ ಥ್ರೆಡ್ ಕೊರೆದಿದ್ದಾರೆ. ತಿರುಗುವಾಗ ಅದು ಹೊರಗೆ ಹೊರಟ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತರೆ ಈ ತಡೆಯೂ ನಿಲ್ಲುತ್ತದೆ. ಹಾಗಾಗಿ ನಿಲ್ಲಿಸಿದ ಕಾರಿನಡಿ ನಾಲ್ಕು ಹನಿ ಕಂಡರೆ ಅದು ಕಾಯಿಲೆಯಲ್ಲ. ಹನಿ ಮಡುವಾದರೆ ಮಾತ್ರ ಬೇರಿಂಗ್ ಸವೆದಿದೆಯೇ ನೋಡಿಸಬೇಕು. ಬೇರಿಂಗ್ ಸವೆದು ಕ್ರ್ಯಾಂಕ್ ಅಲುಗಾಡತೊಡಗಿದರೆ ಸುರುಳಿಯ ಸುತ್ತಲಿನ ಸಂದು ಏರುಪೇರಾಗುತ್ತದೆ.

ಅದಕ್ಕೂ ಮೊದಲು ನೋಡಬೇಕಾದ್ದು ಬ್ರೀದರ್ ಪೈಪು. ಅದು ಕಟ್ಟಿಕೊಂಡರೆ ಎಂಜಿನ್ನಿನೊಳಗೆ ಒತ್ತಡ ಏರಿ ಸಂದುಸಂದಿನಿಂದಲೂ ಎಣ್ಣೆ ಒಸರುತ್ತದೆ. ಎಷ್ಟೋ ಕಡೆ ಬ್ರೀದರ್ ಮುಟ್ಟದೆಯೇ ಟ್ಯಾಪೆಟ್ ಕವರ್, ಸೈಡ್ ಕವರ್, ಚೇಂಬರ್ ಎಲ್ಲದರ ಪ್ಯಾಕಿಂಗ್ ಬದಲಾಯಿಸಿ ಬಿಲ್ಲು ಕೊಡುತ್ತಾರೆ. ಸೋರಿಕೆ ಮರಳಿ ಬರುತ್ತದೆ. ಟ್ಯಾಪೆಟ್ ಕವರಿನ ನಟ್ಟುಗಳನ್ನು ಬಲವಾಗಿ ಬಿಗಿದರೆ ಕಾರ್ಕ್ ಪ್ಯಾಕಿಂಗ್ ಜಜ್ಜಿ ಕವರೂ ಸೊಟ್ಟಗಾಗುತ್ತದೆ. ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಮೆತ್ತುವುದು ಇನ್ನೂ ಕೆಟ್ಟದ್ದು: ಒಳಗೆ ಉಕ್ಕಿದ ಪೇಸ್ಟು ತುಣುಕಾಗಿ ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಡರುತ್ತದೆ, ಬೇರಿಂಗಿಗೆ ಎಣ್ಣೆ ತಪ್ಪುತ್ತದೆ. ಎಂಜಿನ್ ತೊಳೆಸಿ, ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆ ಮೊದಲು ಎಲ್ಲಿ ಮೂಡಿತು ಎಂದು ಹುಡುಕುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಈ ಎಂಜಿನ್ನಿಗೆ ಹಿಂಬದಿ ರಬ್ಬರ್ ಸೀಲ್ ಕೂರಿಸುವ ಕಿಟ್‌ಗಳೂ ಬಂದಿವೆ. ಎಂಜಿನ್ ಪೂರ್ತಿ ಬಿಚ್ಚಿದಾಗ, ನುರಿತ ಲೇತ್ ಕೆಲಸದವರಿದ್ದರೆ ಯೋಚಿಸಬಹುದು; ನಾಲ್ಕು ಹನಿಗಾಗಿ ಎಂಜಿನ್ ಇಳಿಸುವುದು ವ್ಯರ್ಥ. ಒಂದು ಮಾತು ಮಾತ್ರ ನೆನಪಿಡಿ. ಕ್ಲಚ್ ಹೌಸಿಂಗ್ ತಳದಲ್ಲಿ ಎಣ್ಣೆ ಹೊರಹೋಗಲೆಂದೇ ಬಿಟ್ಟ ತೂತಿದೆ. ನೆಲ ಗಲೀಜಾಗುತ್ತದೆಂದು ಅದನ್ನು ಮುಚ್ಚಿಸಬೇಡಿ. ಒಳಗೆ ನಿಂತ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತುತ್ತದೆ.