ಪಂಚಮಹಾಶಬ್ದ: ರಟ್ಟರ ಬಿರುದೊಂದರ ಅರ್ಥವಿಮರ್ಶೆ

ಸವದತ್ತಿಯ, ಅಂದರೆ ಪ್ರಾಚೀನ ಸುಗಂಧವರ್ತಿಯ, ರಟ್ಟರ ಪ್ರಶಸ್ತಿಯು ಅವರ ಶಾಸನಗಳಲ್ಲಿ ‘ಸಮಧಿಗತಪಂಚಮಹಾಶಬ್ದ ಮಹಾಮಂಡಲೇಶ್ವರ’ ಎಂದು ಮೊದಲಾಗುತ್ತದೆ. ಈ ಬಿರುದನ್ನು ಸ್ವತಂತ್ರ ಪ್ರಭುತ್ವದ ಕುರುಹೆಂದು ಎಣಿಸುವುದುಂಟು. ಅದು ಪದಾರ್ಥವನ್ನೇ ಮರೆತ ಎಣಿಕೆಯಾಗಿದೆ.

‘ಶಬ್ದ’ದ ಅರ್ಥದಲ್ಲಿ ಎರಡು ಪಕ್ಷಗಳಿವೆ. ‘ಮಹಾ’ ಎಂಬುದರಿಂದ ತೊಡಗುವ ಐದು ಪದವಿಗಳೆಂಬುದು ಒಂದು. ರಾಜತರಂಗಿಣಿಯಲ್ಲಿ ಕಲ್ಹಣನು ಮಹಾಪ್ರತೀಹಾರ, ಮಹಾಸಂಧಿವಿಗ್ರಹ ಮೊದಲಾದ ಐದು ಅಧಿಕಾರಗಳನ್ನು ಹೇಳಿರುವುದು ಇದಕ್ಕೆ ಆಧಾರ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂಬ ಪಂಚವಾದ್ಯಗಳ ಧ್ವನಿಯೆಂಬುದು ಇನ್ನೊಂದು. ವಿವೇಕಚಿಂತಾಮಣಿಯ ಆಧಾರದಿಂದ ಕೆ. ಬಿ. ಪಾಠಕರು ಇದನ್ನು ತೋರಿಸಿಕೊಟ್ಟರು.

ಮೊದಲನೆಯ ಪಕ್ಷವು ಕಾಶ್ಮೀರಕ್ಕೆ ಸಲ್ಲಬಹುದು, ಕನ್ನಡನಾಡಿಗೆ ಸಲ್ಲದು. ಐದು ಪದವಿಗಳು ದೊರೆತಿದ್ದರೆ, ಬಿರುದುಗಳನ್ನು ಬಿಡದೆ ಎಣಿಸುವ ಶಾಸನಕವಿಯು ಅವನ್ನು ಹೆಸರಿಸದೆ ಇರುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ರಟ್ಟರಿಗೆ ‘ತ್ರಿವಳೀತೂರ್ಯನಿರ್ಘೋಷಣ’ವೆಂಬ ಬಿರುದು ಬೇರೆಯಿದೆ, ಪಂಚಶಬ್ದವೂ ವಾದ್ಯವೇ ಆದರೆ ಪುನರುಕ್ತಿಯಾಗದೆ? ಆಗದು. ತ್ರಿವಳಿಯು ಸುವರ್ಣಗರುಡಧ್ವಜ, ಸಿಂದೂರಲಾಂಛನಗಳಂತೆ ರಟ್ಟರ ಕುಲಚಿಹ್ನೆ. ಕಿತ್ತೂರಿನ ಸಮೀಪದ ದೇಗಾಂವೆಯಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದ ಗೋವೆಯ ಕದಂಬರಿಗೆ ಅದೇ ಸ್ಥಾನದಲ್ಲಿ ‘ಪೆರ್ಮಟ್ಟಿ’ಯ ಘೋಷವುಂಟು. ಕುಲವಾದ್ಯವು ವಂಶದಿಂದ ಬಂದುದು. ಪಂಚಮಹಾಶಬ್ದವು ಪ್ರಭುವಿನಿಂದ ಪಡೆದುದು. ‘ಸಮಧಿಗತ’ವೆಂಬ ಕ್ತಾಂತಪದವೇ ಇದಕ್ಕೆ ಸಾಕ್ಷಿ.

ಹಾಗಾದರೆ ಇದನ್ನು ಪಡೆಯತಕ್ಕವರು ಯಾರು? ಮಹಾಸಾಮಂತರು, ಮಹಾಮಂಡಲೇಶ್ವರರು, ಅರಸುಕುಲದವರಲ್ಲದ ದಂಡನಾಯಕರೂ ಸಹ. ಸಾರ್ವಭೌಮನ ಬಿರುದುಗಳಾದರೋ ‘ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ’ ಎಂಬಿವು. ಮಹಾಮಂಡಲೇಶ್ವರರ ವಂಶದಲ್ಲಿ ಹುಟ್ಟಿದ ಹೊಯ್ಸಳ ಇಮ್ಮಡಿ ಬಲ್ಲಾಳನು 1192ರ ಗದುಗಿನ ಶಾಸನದಲ್ಲಿ ಈ ಸಾರ್ವಭೌಮ ಬಿರುದುಗಳನ್ನೇ ಧರಿಸಿರುವನು. ಕೊಡುವವನಿಗೆ ಪಡೆಯುವುದು ಒಪ್ಪದು. ಆದುದರಿಂದ ಈ ಬಿರುದು ಹೊತ್ತವನ ಹಿರಿಮೆಯೊಡನೆ, ಅವನ ಮೇಲೆ ಒಬ್ಬನಿರುವನೆಂಬುದನ್ನೂ ಸಾರುತ್ತದೆ.

ಧ್ವನಿಯಿಂದ ಅಂತಸ್ತನ್ನು ಅಳೆಯುವ ಪದ್ಧತಿಯು ರಟ್ಟರೊಡನೆ ಅಳಿಯಲಿಲ್ಲ. ಆಂಗ್ಲರು ಸಂಸ್ಥಾನಿಕರಿಗೆ ತೋಪಿನ ಸಲಾಮಿಗಳನ್ನು ಎಣಿಸಿ ಕೊಟ್ಟರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ರಾಮದುರ್ಗಕ್ಕೆ ಆ ಮರ್ಯಾದೆಯಿರಲಿಲ್ಲ. ಅಲ್ಲಿಯೂ ಎಣಿಕೆಯು ಕೊಡುವವನ ಕೈಯಲ್ಲಿಯೇ ಇದ್ದಿತು. ರಟ್ಟರ ಚರಿತ್ರೆಯನ್ನು ಬರೆಯುವವರು ಈ ಬಿರುದನ್ನು ಗೌರವದಿಂದ ಉಲ್ಲೇಖಿಸಲಿ. ಸ್ವಾತಂತ್ರ್ಯಕ್ಕೆ ಪ್ರಮಾಣವಾಗಿ ಮಾತ್ರ ಎತ್ತಬಾರದು.