ಹಳೆಯ ಯಂತ್ರಕ್ಕೊಬ್ಬ ದುಭಾಷಿ

ಹೋದ ತಿಂಗಳು ಪರಿಚಯದ ಪ್ರೆಸ್ಸಿನ ಯಜಮಾನರು ತಮ್ಮ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ಬಂದರು. ಒಳಗಿದ್ದದ್ದು ವಿಂಡೋಸ್ 98. “ಪೇಜ್‌ಮೇಕರಿನಲ್ಲಿ ಕಟ್ಟಿದ ಪುಸ್ತಕಗಳೆಲ್ಲ ಇದರ ಹೊಟ್ಟೆಯಲ್ಲಿವೆ ಸಾರ್. ಸಿಡಿ ಡ್ರೈವ್ ಸತ್ತಿದೆ, ಪೆನ್‌ಡ್ರೈವ್ ಹಾಕಿದರೆ ಡ್ರೈವರ್ ಕೊಡು ಅನ್ನುತ್ತೆ. ಹೇಗಾದರೂ ಮಾಡಿ ನಮ್ಮ ವೈಫೈಗೆ ಸೇರಿಸಿಕೊಡಿ” ಎಂದರು. ಹಳೆಯ ಯಂತ್ರಗಳ ಹುಚ್ಚು ಹಿಡಿದ ನನ್ನಂಥವರಿಗೆ ಇಂಥ ಬೇಡಿಕೆಯೇ ಹಬ್ಬದೂಟ.

ಹೊಸ ನೆಟ್‌ವರ್ಕ್ ಕಾರ್ಡು ತಂದು ಸಿಕ್ಕಿಸಿದರಾಯಿತು ಎಂದುಕೊಂಡವರು ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತಾರೆ. ಇಂದಿನ ಕಾರ್ಡುಗಳು ಪಿಸಿಐ ಎಕ್ಸ್‌ಪ್ರೆಸ್‌ನವು. ಆ ಕಾಲದ ಬೋರ್ಡಿನ ಪಿಸಿಐ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಕೂರುವಂಥದ್ದು ಸಿಕ್ಕರೂ ಡ್ರೈವರಿನ ತಗಾದೆ. ಕಾರ್ಡಿನ ಡ್ರೈವರು ವಿಂಡೋಸ್ ಜೊತೆ ಯಾವ ಮಾತಿನಲ್ಲಿ ವ್ಯವಹರಿಸಬೇಕೆಂದು ಮೈಕ್ರೋಸಾಫ್ಟ್ ಮತ್ತು ತ್ರೀಕಾಮ್ ಸೇರಿ ಒಂದು ಕಟ್ಟಳೆ ಮಾಡಿದ್ದವು, ಹೆಸರು ಎನ್‌ಡಿಐಎಸ್. ವಿಂಡೋಸ್ 98 ಕಲಿತದ್ದು ಅದರ 5ನೇ ಆವೃತ್ತಿಯವರೆಗೆ. ವಿಸ್ಟಾ ಜೊತೆ ಬಂದ 6ನೇ ಆವೃತ್ತಿಗೆಂದು ಬರೆದ ಡ್ರೈವರು ಅದಕ್ಕೆ ತಲೆಬುಡ ತಿಳಿಯದ ಭಾಷೆ.

ಇಲ್ಲೊಂದು ಕಸರತ್ತು ಮಾಡುವವರುಂಟು. ಪ್ರತಿ ಚಿಪ್ಪಿಗೂ ಕುಲ, ಗೋತ್ರದ ಹಾಗೆ ಎರಡು ಸಂಖ್ಯೆಗಳು: ತಯಾರಕರದ್ದೊಂದು, ಚಿಪ್ಪಿನದ್ದೊಂದು. ಇಂಟೆಲ್‌ನ ಕುಲಸಂಖ್ಯೆ 8086, ಅದರ ಹೆಸರಾಂತ ಪ್ರಾಸೆಸರಿನ ಅಂಕಿಯೇ. ಹಳೆಯ ಡ್ರೈವರಿನ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಹೊಸ ಚಿಪ್ಪಿನ ಸಂಖ್ಯೆ ಸೇರಿಸುತ್ತಾರೆ. ಎರಡೂ ಒಂದೇ ವಂಶದವಾಗಿದ್ದರೆ ಕೆಲವೊಮ್ಮೆ ಒಗ್ಗುತ್ತದೆ. ಇಲ್ಲವಾದರೆ ನೀಲಿ ಪರದೆ. ಗೋತ್ರ ತಿದ್ದಿ ಬರೆದ ಮಾತ್ರಕ್ಕೆ ನೆಂಟಸ್ತಿಕೆ ಹುಟ್ಟದು.

ನನ್ನ ದಾರಿ ಬೇರೆ. ಹಳೆಯದಕ್ಕೆ ಹೊಸ ಮಾತು ಕಲಿಸಲು ಹೋಗಬಾರದು, ನಡುವೆ ದುಭಾಷಿಯನ್ನು ಕೂರಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಯಲ್‌ಟೆಕ್ 8139 ಚಿಪ್ಪಿನ ಹಳೆಯ ಪಿಸಿಐ ಕಾರ್ಡು ಸಿಕ್ಕಿತು. ವೇಗ 100 ಮೆಗಾಬಿಟ್. ಅದೇ ಮನೆತನದ ಗಿಗಾಬಿಟ್ ಚಿಪ್ಪು 8169ಕ್ಕೂ ವಿಂಡೋಸ್ 98ರ ಡ್ರೈವರಿತ್ತು ನಿಜ. ಆದರೆ ಅಷ್ಟು ವೇಗಕ್ಕೆ ಉಣಬಡಿಸುವ ಶಕ್ತಿ ಆ ಹಾರ್ಡ್‌ಡಿಸ್ಕಿಗಿಲ್ಲ. ಡ್ರೈವರನ್ನು ಫ್ಲಾಪಿಯಲ್ಲಿ ಕೊಟ್ಟೆ. ವಿಂಡೋಸ್ ವಾಡಿಕೆಯಂತೆ ತನ್ನ ಸಿಡಿ ಕೇಳಿತು. ಬೇಕಾದ ಕ್ಯಾಬ್ ಫೈಲುಗಳು ಪುಣ್ಯಕ್ಕೆ ಹಾರ್ಡ್‌ಡಿಸ್ಕಿನಲ್ಲೇ ಇದ್ದವು.

ಇನ್ನು ವೈಫೈ. ಡಬ್ಲ್ಯುಪಿಎ2 ಬೀಗ ಬಂದದ್ದು 2004ರಲ್ಲಿ. 98ಕ್ಕೆ ಅದರ ಗುರುತು ಪರಿಚಯವಿಲ್ಲ. ಅದಕ್ಕೆ ಅಂಗೈಯಗಲದ ರೂಟರೊಂದನ್ನು ಕ್ಲೈಂಟ್ ಮೋಡಿಗೆ ಹಾಕಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದೆ. ಬೀಗ ತೆಗೆಯುವ ಕೆಲಸವೆಲ್ಲ ರೂಟರಿನದು. ಕಂಪ್ಯೂಟರಿಗೆ ಕಾಣುವುದು ಬರೀ ತಂತಿ. ಆ ತಂತಿಯ ನಿಯತ್ತನ್ನು ಮೆಚ್ಚಬೇಕು. 1990ರಲ್ಲಿ ಗೊತ್ತುಪಡಿಸಿದ 10 ಮೆಗಾಬಿಟ್ ಈಥರ್‌ನೆಟ್ ಕಾರ್ಡನ್ನು ಇವತ್ತಿನ ಸಾಮಾನ್ಯ ಗಿಗಾಬಿಟ್ ಸ್ವಿಚ್ಚಿಗೆ ಜೋಡಿಸಿದರೂ ಸ್ವಿಚ್ಚು ವೇಗ ತಗ್ಗಿಸಿ, ತಾತನ ಕೈ ಹಿಡಿದ ಮೊಮ್ಮಗನಂತೆ, ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ.

ಐಪಿ ವಿಳಾಸ ತುಂಬಿದೆ, ಗೇಟ್‌ವೇ ಖಾನೆಯನ್ನು ಬೇಕೆಂದೇ ಖಾಲಿ ಬಿಟ್ಟೆ. 2006ರ ಜುಲೈನಲ್ಲೇ ಮೈಕ್ರೋಸಾಫ್ಟ್ ಕೈಬಿಟ್ಟ ಕೂಸಿದು. ಮನೆಯೊಳಗೆ ಓಡಾಡಲಿ, ಹೊಸಿಲು ದಾಟುವುದು ಬೇಡ. ಹಳೆಯ ಫೈಲ್ ಹಂಚಿಕೆಯ ಎಸ್‌ಎಂಬಿ1 ಪದ್ಧತಿಗೂ ಕೈಹಾಕಲಿಲ್ಲ. 98ರ ಡಾಸ್ ಕಿಟಕಿಯಲ್ಲೇ ಎಫ್‌ಟಿಪಿ ಇದೆಯಲ್ಲ! ಆ ಕಡೆ ನನ್ನ ಲಿನಕ್ಸ್ ಯಂತ್ರವನ್ನು ಕೂರಿಸಿ ಪುಟಗಳನ್ನು ಸಾಗಿಸಿದೆ.

ಎಡವಿದ್ದು ಅಲ್ಲೇ. ತಲುಪಿದ ಫೈಲುಗಳೆಲ್ಲ ಕೆಲವು ಬೈಟು ಸಣ್ಣವು, ಒಂದೂ ತೆರೆಯದು. ‘ಬಿನ್’ ಎಂಬ ಮೂರಕ್ಷರದ ಆಜ್ಞೆ ಮರೆತಿದ್ದೆ. ಅದಿಲ್ಲದಿದ್ದರೆ ಈ ಎಫ್‌ಟಿಪಿ ಎಲ್ಲವನ್ನೂ ಬರಹವೆಂದೇ ಭಾವಿಸಿ ಸಾಲಿನ ಕೊನೆಗಳನ್ನು ‘ತಿದ್ದುತ್ತದೆ’. ದುಭಾಷಿಯ ಅತಿಬುದ್ಧಿ! ಬಾಯಿ ಮುಚ್ಚಿಸಿ ಮತ್ತೆ ಸಾಗಿಸಿದಾಗ ಸಂಜೆಯೊಳಗೆ ಎಲ್ಲವೂ ನೆಟ್ಟಗೆ ಬಂತು.

ಯಜಮಾನರು ಒಂದು ಪುಟದ ಅಕ್ಷರಗಳನ್ನು ತಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಅಂಟಿಸಿ ನೋಡಿ ಹೌಹಾರಿದರು. ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. 98ರಲ್ಲಿ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಅಲ್ಲಿಯವರೆಗೆ ನಮ್ಮ ಲಿಪಿ ರೋಮನ್ ಅಕ್ಷರಗಳ ಕೋಣೆಗಳಲ್ಲಿ ಬಾಡಿಗೆಗಿತ್ತು.

“ಇದೇನ್ ಸಾರ್, ಎಲ್ಲ ಕೆಟ್ಟುಹೋಯ್ತಾ?”

“ಇಲ್ಲ. ತಂತಿಯ ಕೆಲಸ ಮುಗೀತು. ಲಿಪಿಗೆ ಇನ್ನೊಬ್ಬ ದುಭಾಷಿ ಬೇಕು. ಯೂನಿಕೋಡಿಗೆ ಪರಿವರ್ತಿಸೋಕೆ ನಾಳೆ ಬನ್ನಿ.”